ಕೇರೆ ಕೇಳಿದ ವಿಷ

ಮುಂಗುಸಿಯ ಬಾಯಿಂದ ಹೇಗೋ ಪಾರಾದ ಕೇರೆಹಾವೊಂದು ತನ್ನ ತಮ್ಮನನ್ನೂ ಕರೆದುಕೊಂಡು ನಾಗರಹಾವಿನ ಹುತ್ತಕ್ಕೆ ಬಂದಿತು. ಇವತ್ತು ವಿಷ ಕೇಳಿ ಪಡೆದೇ ಹೋಗಬೇಕೆಂಬುದು ಅದರ ಹಠ.

ಹುತ್ತದ ಮುಂದೆ ಎರಡು ನಾಗರಹಾವುಗಳು ಕಾದಾಡುತ್ತಿದ್ದವು. ಒಂದಕ್ಕೊಂದು ಹೆಣೆದುಕೊಂಡು ಮೇಲೆದ್ದು, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಲು ಹೆಣಗುತ್ತಿದ್ದವು. ಅಷ್ಟು ಸಿಟ್ಟಿನಲ್ಲೂ ಎರಡೂ ಬಾಯಿ ತೆರೆಯಲಿಲ್ಲ. ಕೇರೆಗಳು ಉಸಿರು ಬಿಗಿಹಿಡಿದು ನೋಡಿದವು. ಕೊನೆಗೆ ಸೋತದ್ದು ಸುಮ್ಮನೆ ಬೇಲಿಯೊಳಗೆ ಹೊರಟುಹೋಯಿತು.

“ನಾಗಪ್ಪ, ಹಲ್ಲಿನಲ್ಲಿ ಸಾವನ್ನೇ ಇಟ್ಟುಕೊಂಡವರು ನೀವು. ಯಾಕೆ ಕಚ್ಚಲಿಲ್ಲ?” ಎಂದು ಅಣ್ಣ ಕೇರೆ ಬೆರಗಾಗಿ ಕೇಳಿತು.

“ನಮ್ಮವನಲ್ಲವೇ? ಕಚ್ಚಿದರೆ ನಾಳೆ ರಾಜಿಯಾಗಲು ಅವನೇ ಇರುವುದಿಲ್ಲ,” ಎಂದಿತು ಗೆದ್ದ ನಾಗರ. “ಬಂದ ಕೆಲಸವೇನು?”

“ನಮಗೂ ವಿಷ ಬೇಕು. ಮುಂಗುಸಿ ಮೈಮೇಲೆ ಬಿದ್ದಾಗ ಕಾಪಾಡಲು ನೀವು ಬರುವುದಿಲ್ಲ. ಜೀವ ಉಳಿಸಿಕೊಳ್ಳುವ ಹಕ್ಕು ನಮಗಿಲ್ಲವೇ?”

“ಇದೆ. ನಿನ್ನ ಮಾತು ಸುಳ್ಳಲ್ಲ,” ಎಂದ ನಾಗರ ತಮ್ಮ ಕೇರೆಯತ್ತ ನೋಡಿತು. “ಇವನ ಕತ್ತಿನ ಮೇಲೆ ಹಲ್ಲಿನ ಗುರುತಿದೆಯಲ್ಲ, ಮುಂಗುಸಿಯದೇ?”

“ಅಲ್ಲ, ನನ್ನದೇ. ಮೊನ್ನೆ ಕಪ್ಪೆಯೊಂದಕ್ಕಾಗಿ ಜಗಳವಾಯಿತು, ಸಿಟ್ಟು ಬಂದು ಕಚ್ಚಿಬಿಟ್ಟೆ. ಅದೇನು ದೊಡ್ಡದಲ್ಲ, ಆಗಲೇ ಮಾಯುತ್ತಿದೆ.”

ನಾಗರ ಹೆಡೆಯೆತ್ತಿ ನಿಂತಿತು.

“ವಿಷ ಕೊಡುತ್ತೀರೋ ಇಲ್ಲವೋ?” ಎಂದು ಅಣ್ಣ ಮತ್ತೆ ಕೇಳಿತು.

ಅಷ್ಟರಲ್ಲಿ ತಮ್ಮ ಕೇರೆ ಅಣ್ಣನ ಪಕ್ಕದಿಂದ ಮೆಲ್ಲಗೆ ಸರಿದು, ಹೆಡೆಯೆತ್ತಿದ ನಾಗರದ ಮಗ್ಗುಲಿಗೆ ಹೋಗಿ ಸುರುಳಿ ಸುತ್ತಿಕೊಂಡಿತು.