ಕಾಡು ಉಳಿಸುವ ನಾಟಕಕ್ಕೊಂದು ಮರ

ಮಂಗಟ್ಟೆಯಮ್ಮ ಮೊಟ್ಟೆಯಿಡಲು ಮರದ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟು ಸಂದಿ ಬಿಟ್ಟು ಬಾಗಿಲನ್ನು ಮೆತ್ತಿಕೊಂಡಿದ್ದಳು. ಮರಿ ಬಲಿಯುವವರೆಗೆ ಹೊರಬರುವಂತಿಲ್ಲ. ಅಷ್ಟರಲ್ಲಿ ನವಿಲರಾಯ ತನ್ನ ನಾಟಕ ಮಂಡಳಿಯ ಜೊತೆ ಮರ ಉರುಳಿಸಲು ಆನೆಯಣ್ಣನನ್ನೂ ಕರೆತಂದ. ಆನೆಯಣ್ಣ ಬಂದವನೇ ಮರಕ್ಕೆ ಹಣೆಯೊತ್ತಿ ನಿಂತ.

"ಅಕ್ಕಾ, ಮರ ಖಾಲಿ ಮಾಡಿ. ರಂಗಮಂಚಕ್ಕೆ ದಿಮ್ಮಿ ಬೇಕು."

"ಯಾವ ನಾಟಕ, ರಾಯರೇ?"

"ಕಾಡು ಉಳಿಸಿ ಅಂತ. ನಿಮ್ಮ ಕಷ್ಟದ್ದೇ ಕಥೆ. ನಿಮ್ಮ ಪಾತ್ರ ನನ್ನದೇ!"

ಮಂಗಟ್ಟೆಯಮ್ಮ ಸಂದಿಯಿಂದ ಕೊಕ್ಕು ಹೊರಚಾಚಿದಳು. "ಅಯ್ಯೋ, ನೋಡುವ ಭಾಗ್ಯ ನನಗಿಲ್ಲವಲ್ಲ! ಒಂದು ಹಾಡಾದರೂ ಕೇಳಿಸಿ," ಎಂದಳು.

ನವಿಲರಾಯ ಉಬ್ಬಿಹೋಗಿ ಗರಿಗೆದರಿ ಹಾಡಿದ: "ಮರ ಯಾರದು?"

"ಗೂಡು ಕಟ್ಟಿದವರದು!" ಎಂದು ಮೇಳದ ಜೊತೆ ಆನೆಯಣ್ಣನೂ ಸೊಂಡಿಲೆತ್ತಿ ದನಿಗೂಡಿಸಿದ. ಹಾಡುತ್ತಾ ಹಾಡುತ್ತಾ, ಮರಕ್ಕೆ ಒತ್ತಿದ್ದ ಹಣೆಯನ್ನು ಹಿಂದಕ್ಕೆ ತೆಗೆದುಕೊಂಡ.

"ಯಾಕಯ್ಯಾ ನಿಂತೆ? ನೂಕು!"

"ಹಾಡು ಬೇರೆ ಹೇಳುತ್ತದಲ್ಲ, ಸ್ವಾಮಿ?"

"ಅದು ಹಾಡು ಕಣಯ್ಯಾ, ಇದು ಕೆಲಸ!"

"ಹಾಗಾದರೆ ಹಾಡಿಗೆ ನನ್ನನ್ನು ಕರೆಯಿರಿ. ಕೆಲಸಕ್ಕೆ ನೀವೇ ಹಣೆ ಕೊಡಿ," ಎಂದು ಆನೆಯಣ್ಣ ಹೊಳೆಯ ಕಡೆ ಹೊರಟ.

ನವಿಲರಾಯ ಮರದ ದಪ್ಪವನ್ನು ನೋಡಿದ, ತನ್ನ ಜುಟ್ಟನ್ನು ನೆನೆದ. ಬಳಿಕ, ನಾಟಕ ನೆಲದ ಮೇಲೆಯೇ ನಡೆಯಲಿ, ಅದೇ ಹೆಚ್ಚು ಸಹಜ ಎಂದು ಮಂಡಳಿಗೆ ಸಾರಿದ.