ಸೌಟಿನ ಉಪಚಾರ

ಮದುವೆ ಛತ್ರದ ಅಡುಗೆಮನೆಯ ಹಿಂದೆ ಮುಚ್ಚಳವಿದ್ದ ಒಂದು ಗೊಬ್ಬರದ ಡ್ರಮ್ ಇತ್ತು. ಉಂಡೆದ್ದ ಎಲೆಗಳಲ್ಲಿ ಉಳಿದ ಅನ್ನ, ಹುಳಿ, ಪಾಯಸವನ್ನೆಲ್ಲ ಮರದ ಹೊಟ್ಟಿನ ಜೊತೆ ನುಂಗಿ, ಮೆಲ್ಲಗೆ ಉರುಳುತ್ತಾ ಗೊಬ್ಬರ ಮಾಡುವುದು ಅದರ ಕೆಲಸ. ಲಗ್ನದ ತಿಂಗಳಲ್ಲಂತೂ ಒಂದು ಮದುವೆ ಅರಗುವ ಮೊದಲೇ ಇನ್ನೊಂದು ಮದುವೆ ಬಂದು ಬೀಳುತ್ತಿತ್ತು.

ಒಂದು ಮಧ್ಯಾಹ್ನ, ತೊಳೆಯಲೆಂದು ನಲ್ಲಿಯ ಬಳಿ ಇಟ್ಟಿದ್ದ ಬಡಿಸುವ ಸೌಟನ್ನು ಡ್ರಮ್ ಕೇಳಿಕೊಂಡಿತು: "ಸೌಟಣ್ಣ, ಉಣ್ಣುವವರು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದಾಗ ನೀನು ಕೊಂಚ ತಡೆಯಬಾರದೆ? ನನಗೆ ಅರಗುತ್ತಿಲ್ಲ."

ಸೌಟು ನಕ್ಕಿತು. "ಬೇಡ ಎನ್ನುವುದು ಬಾಯಿಮಾತು. ಸಂಕೋಚ ಪಡಬೇಡಿ ಎಂದು ಬೆರಳ ಸಂದಿಯಲ್ಲೇ ಬಡಿಸುವುದು ಉಪಚಾರ. ಕೈ ಬಿಗಿ ಮಾಡಿದರೆ ಬೀಗರೆದುರು ನಮ್ಮ ಮುಖ ಉಳಿದೀತೆ?"

ಡ್ರಮ್ ಮತ್ತೆ ಮೆಲ್ಲಗೆ ಉರುಳತೊಡಗಿತು. ಸೌಟು ಮುಂದಿನ ಪಂಕ್ತಿಗೆ ಬಡಿಸಲು ಹೋಯಿತು.

ಆ ಪಂಕ್ತಿ ಎದ್ದಾಗ, ಎಲೆಯ ಮೇಲೆ ಯಾರೋ ಮರೆತಿದ್ದ ಸೌಟನ್ನೂ ಸೇರಿಸಿ ಎಲೆ ತೆಗೆಯುವವರು ಅವಸರದಲ್ಲಿ ಎಲ್ಲವನ್ನೂ ಡ್ರಮ್ಮಿಗೆ ಸುರಿದರು. ಯಾರೂ ಮುರಿಯದ ಹೋಳಿಗೆ, ಯಾರೂ ಕಲಸದ ಅನ್ನ, ತಾನೇ ಬಡಿಸಿದ ಪಾಯಸ, ಎಲ್ಲವೂ ಸೌಟಿನ ಮೇಲೆ ಬಿದ್ದವು. ಕುತ್ತಿಗೆಯವರೆಗೂ ಹೂತುಹೋದ ಸೌಟು, "ಸಾಕಣ್ಣ, ಇನ್ನು ನನ್ನ ಕೈಲಾಗದು" ಎಂದಿತು.

ಅಷ್ಟರಲ್ಲಿ ಇನ್ನೊಂದು ತುಂಬಿದ ಬುಟ್ಟಿ ಬಾಯಿಯ ಬಳಿ ಬಂದು ಬಾಗಿತು. ಡ್ರಮ್ ದಣಿದ ದನಿಯಲ್ಲಿ ಹೇಳಿತು: "ಸಂಕೋಚ ಪಡಬೇಡಿ."