ಹನ್ನೊಂದನೆಯ ತಟ್ಟೆ

“ಹೊಟ್ಟೆಗೆ ಹಿಟ್ಟಿಲ್ಲದವಳು ಹೊಟ್ಟೆಯ ಕ್ರಿಮಿ ಓದ್ತಾಳಂತೆ! ಇವಳ ಕೈಲಾದ್ರೆ ನಾನು ಮೀಸೆ ಬೋಳಿಸ್ತೀನಿ,” ಎಂದಿದ್ದ ಪುಟ್ಟಗೌರಮ್ಮನವರ ಸೋದರಮಾವ.

ಮಾವ ಮೀಸೆಯ ಸಮೇತ ತೀರಿಕೊಂಡ. ಪುಟ್ಟಗೌರಮ್ಮ ಕಪಿಲೆಯ ದಡದಲ್ಲಿ ತಮ್ಮದೇ ಪ್ರಯೋಗಶಾಲೆ ಕಟ್ಟಿದರು. ಮೂವತ್ತು ವರ್ಷ ಕರುಳಿಗೆ ರೋಗ ತರುವ ಕ್ರಿಮಿಗಳದ್ದೇ ಧ್ಯಾನ.

“ಯಾರ ಹಂಗೂ ಇಲ್ಲ. ಇದರ ಬೆಲೆಯೆಲ್ಲ ನಾನೇ ತೆತ್ತಿದ್ದೀನಿ,” ಎನ್ನುತ್ತಿದ್ದರು. ಹಾಸ್ಟೆಲಿನಲ್ಲಿ ಓದುವಾಗ ಟೈಫಾಯ್ಡ್ ಜ್ವರ ಬಂದರೂ ಪರೀಕ್ಷೆ ಬಿಡದ ಕಥೆಯನ್ನು ಶಿಷ್ಯೆ ವಿನುತ ನೂರು ಸಲ ಕೇಳಿದ್ದಳು.

ಪಕ್ಕದಲ್ಲೇ ಬಡ ಹೆಣ್ಣುಮಕ್ಕಳ ಹಾಸ್ಟೆಲು. ಪ್ರತಿ ಶನಿವಾರ ಮಧ್ಯಾಹ್ನ ಪುಟ್ಟಗೌರಮ್ಮ ಅಲ್ಲಿ ಬೇಸಿನ್ ತುಂಬ ಮೊಸರನ್ನ ಕಲಸಿ, ಒಬ್ಬೊಬ್ಬರ ಅಂಗೈಗೂ ಕೈತುತ್ತು ಹಾಕುತ್ತಿದ್ದರು.

ಒಂದು ವರ್ಷ ಅಲ್ಲಿ ನಾಲ್ವರಿಗೆ ಅದೇ ಟೈಫಾಯ್ಡ್ ಜ್ವರ ಬಂತು. ಮೂವರು ಎದ್ದು ಓಡಾಡಿದರು. ಕಮಲಿ ಎಂಬ ಹುಡುಗಿ ಮಾತ್ರ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು.

ಬಾವಿಯ ನೀರು ನೋಡಿದರು, ಹಾಲು ನೋಡಿದರು. ಏನೂ ಸಿಗಲಿಲ್ಲ.

“ಹಾಗಾದರೆ ಜನರಿಂದಲೇ ಬಂದಿರಬೇಕು,” ಎಂದರು ಗುರು. “ಅಲ್ಲಿ ಅನ್ನ ಮುಟ್ಟಿದವರೆಲ್ಲ ಮಲದ ಮಾದರಿ ಕೊಡಲಿ. ನಾನೂ ಕೊಡ್ತೀನಿ. ಕ್ರಿಮಿ ಬೆಳೆಸೋ ತಟ್ಟೆ ಮೇಲೆ ನಂಬರು ಮಾತ್ರ ಹಾಕು. ಹೆಸರಿನ ಪಟ್ಟಿ ನಿನ್ನ ಹತ್ತಿರ ಇರಲಿ.”

“ಗಟ್ಟಿಮುಟ್ಟಾಗಿರೋರಲ್ಲಿ ಏನು ಸಿಗುತ್ತೆ, ಮೇಡಂ?”

“ಜ್ವರ ಹೋದರೂ ಕೆಲವರ ಪಿತ್ತಕೋಶದಲ್ಲಿ ಕ್ರಿಮಿ ಮನೆ ಮಾಡಿಕೊಂಡಿರುತ್ತೆ ಕಣೇ. ಹೊತ್ತವರಿಗೇ ಗೊತ್ತಿರಲ್ಲ.”

ಹದಿನೇಳು ಗಾಜಿನ ತಟ್ಟೆಗಳು ಕಾವುಪೆಟ್ಟಿಗೆ ಸೇರಿದವು. ವಿನುತಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಂಟೆಗೊಮ್ಮೆ ಹೋಗಿ ಪೆಟ್ಟಿಗೆಯ ಬಾಗಿಲು ತೆರೆದಳು.

“ಕಾವಿಗೆ ಕೂತ ಕೋಳೀನ ಹೀಗೆ ಎಬ್ಬಿಸ್ತಾ ಇದ್ದರೆ ಮರಿ ಆಗುತ್ತೇನೇ?” ಗುರು ಗದರಿದರು.

ಮರುದಿನ ಹದಿನಾರು ತಟ್ಟೆಗಳಲ್ಲಿ ಅನುಮಾನದ್ದೇನೂ ಇರಲಿಲ್ಲ. ಹನ್ನೊಂದನೆಯದರಲ್ಲಿ ಕಪ್ಪು ಚುಕ್ಕೆಗಳು ಎದ್ದಿದ್ದವು. ಟೈಫಾಯ್ಡ್ ಕ್ರಿಮಿಯ ಗುರುತು.

ವಿನುತ ಪಟ್ಟಿ ತೆಗೆದಳು. ಹನ್ನೊಂದು: ಪುಟ್ಟಗೌರಮ್ಮ.

ಅವಳು ಆ ತಟ್ಟೆಯನ್ನು ಚೆನ್ನಾಗಿ ಕುದಿಸಿ ಎಸೆದಳು. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಬರೆದಳು: ‘ಹನ್ನೊಂದು ಒಡೆಯಿತು.’

ಸಂಜೆ ಗುರು ಅದನ್ನು ಓದಿ ಪುಸ್ತಕ ಮುಚ್ಚಿದರು.

ಶನಿವಾರ ಬಂತು. ಗುರು ಸೆರಗು ಸಿಕ್ಕಿಸಿ ಮೊಸರನ್ನ ಕಲಸಿದರು. ಸಾಲಿನ ಮೊದಲ ಹುಡುಗಿ ಅಂಗೈ ಚಾಚಿದಳು.

“ಮೇಡಂ, ಸೌಟು ತಗೊಳ್ಳಿ,” ಎಂದಳು ವಿನುತ.

“ಸೌಟಾ? ಕೈತುತ್ತಿನ ರುಚಿ ಸೌಟಿಗೆ ಬರುತ್ತೇನೇ?”

“ಇವತ್ತು ಬೇಡ, ಮೇಡಂ. ನಿಮ್ಮ ದಮ್ಮಯ್ಯ.”

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಗುರು ಶಿಷ್ಯೆಯ ಮುಖವನ್ನೇ ನೋಡಿದರು.

“ಹನ್ನೊಂದು ನಂದಾ?”

ವಿನುತ ತಲೆ ತಗ್ಗಿಸಿದಳು. “ನಿಮ್ಮ ಹೆಸರು ಹಾಳಾಗುತ್ತೆ ಅಂತ…”

“ನನ್ನ ಹೆಸರು ಉಳಿಸೋಕೆ ಈ ಮಕ್ಕಳನ್ನ ಬಲಿ ಕೊಡ್ತಿದ್ದೆಯಾ?”

ಬೇಸಿನ್ನನ್ನು ತಾವೇ ಹೊತ್ತು ಗುಂಡಿಗೆ ಸುರಿದರು. ಮೇಲೆ ಬ್ಲೀಚಿಂಗ್ ಪುಡಿ ಎರಚಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು.

ಕೈ ತೊಳೆದರು. ಮತ್ತೆ ತೊಳೆದರು.

“ನಿನ್ನೊಬ್ಬಳದೇ ತಪ್ಪಲ್ಲ ಬಿಡು,” ಎಂದರು ಕೊನೆಗೆ. “ಇಪ್ಪತ್ತು ವರ್ಷದ ಹಿಂದೆ ಒಂದೇ ಒಂದು ಸಲ ನನ್ನನ್ನ ನಾನೇ ಪರೀಕ್ಷೆ ಮಾಡಿಕೊಂಡೆ. ಏನೂ ಸಿಗಲಿಲ್ಲ, ಸುಮ್ಮನಾದೆ. ಮೊನ್ನೆ ‘ಒಡೆಯಿತು’ ಅಂತ ಓದಿದಾಗಲೂ ಯಾರದು ಅಂತ ಕೇಳಲಿಲ್ಲ.”

ಮತ್ತೊಮ್ಮೆ ಮಾದರಿ ಕೊಟ್ಟರು. ತಟ್ಟೆಯ ಮೇಲೆ ನಂಬರಿನ ಬದಲು ತಮ್ಮ ಹೆಸರನ್ನೇ ಬರೆದರು.

ಮರುದಿನ ಅದರಲ್ಲೂ ಕಪ್ಪು ಚುಕ್ಕೆಗಳು. ಗುರು ಪುಸ್ತಕ ತೆರೆದು ಶಿಷ್ಯೆಯ ಕೈಗೆ ಪೆನ್ನು ಕೊಟ್ಟರು.

ವಿನುತ ಪೆನ್ನಿನ ಮುಚ್ಚಳ ತೆಗೆದಳು. “ಏನಂತ ಬರೀಲಿ, ಮೇಡಂ?”

“ಈ ಕಟ್ಟಡ ನನ್ನದು, ಬೋರ್ಡಿನ ಮೇಲಿನ ಹೆಸರು ನನ್ನದು, ಈ ಚುಕ್ಕೆಗಳೂ ನನ್ನವೇ ಅಂತ ಬರಿ. ಬೆಲೆ ತೆತ್ತವರು ಅನ್ನೋ ಕಡೆ ಮಾತ್ರ ನನ್ನ ಹೆಸರು ಬೇಡ, ಕಮಲಿ ಅಂತ ಬರಿ.”